ಕುಳ್ಳಗಿದ್ದರೆ ಬಾಸ್ಕೆಟ್‌ಬಾಲ್‌ನಲ್ಲಿ ಪಾಯಿಂಟ್ ಗಾರ್ಡ್ ಆಗೋಕೆ ಆಗಲ್ವಾ?

ಪ್ರಶ್ನೆ ದಾವಣಗೆರೆಯ ಪಿಯುಸಿ ಹುಡುಗನದು, ಎತ್ತರ 5 ಅಡಿ 7 ಇಂಚು.

ಖಂಡಿತ ಆಗಬಹುದು. ಪಾಯಿಂಟ್ ಗಾರ್ಡ್ ಎಂದರೆ ಚೆಂಡನ್ನು ಮುಂದೆ ತಂದು ತಂಡದ ಆಟ ನಡೆಸುವವನು. 5 ಅಡಿ 3 ಇಂಚಿನ ಮಗ್ಸಿ ಬೋಗ್ಸ್ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ 14 ಸೀಸನ್ ಆಡಿದರು. ಜಾನ್ ಸ್ಟಾಕ್ಟನ್ ಅಲ್ಲಿನ ಯೂಟಾ ಜಾಝ್ ತಂಡಕ್ಕೆ 19 ಸೀಸನ್ ಆಡಿ 15,806 ಅಸಿಸ್ಟ್ (ಜೊತೆಗಾರನ ಬುಟ್ಟಿಗೆ ದಾರಿ ಮಾಡಿದ ಪಾಸ್) ಗಳಿಸಿದರು. ಅವರ ಬಲ ಎತ್ತರವಲ್ಲ, ಚೆಂಡು ಕಳೆದುಕೊಳ್ಳದ ಕೈ.

ನಮ್ಮ ಕಡೆ ಹುಡುಗರು ಎಡವುವುದು ಒಂದೇ ಜಾಗದಲ್ಲಿ. 8 ಸೆಕೆಂಡಿನೊಳಗೆ ಅರ್ಧ ಗೆರೆ ದಾಟಬೇಕೆಂಬ ಆತುರದಲ್ಲಿ ಬಲಗೈಯಲ್ಲೇ ಡ್ರಿಬಲ್ ಮಾಡುತ್ತ (ಚೆಂಡು ಪುಟಿಸುತ್ತ) ಸೈಡ್‌ಲೈನ್ ಹಿಡಿಯುತ್ತಾರೆ, ಗೆರೆ ದಾಟಿದ ಕೂಡಲೇ ಚೆಂಡು ಎತ್ತಿಕೊಂಡು ನಿಲ್ಲುತ್ತಾರೆ. ಅಲ್ಲಿ ಇಬ್ಬರು ಮುತ್ತಿದರೆ ಮುಗಿಯಿತು: ಹಿಂದಕ್ಕೆ, ಅಂದರೆ ನಿಮ್ಮ ಅರ್ಧಕ್ಕೆ, ಹೋದರೆ ಬ್ಯಾಕ್‌ಕೋರ್ಟ್ ತಪ್ಪು, ಪಕ್ಕಕ್ಕೆ ಹೋದರೆ ಔಟ್, ಚೆಂಡು ಹಿಡಿದೇ ನಿಂತರೆ 5 ಸೆಕೆಂಡಿನ ತಪ್ಪು. ಅದಕ್ಕೆ ಅಂಕಣದ ಮಧ್ಯದಲ್ಲೇ ದಾಟಿ. ಇಬ್ಬರು ಬರುವುದು ಕಂಡರೆ ಡ್ರಿಬಲ್ ನಿಲ್ಲಿಸದೆ ಎರಡು ಹೆಜ್ಜೆ ಹಿಂದೆ ಸರಿದು ಕೈ ಬದಲಿಸಿ. ಹಿಂದೆ ಸರಿಯಲು ಜಾಗ ಬೇಕು, ಹಾಗಾಗಿ ಗೆರೆಗೆ ಅಂಟಿಕೊಂಡು ನಿಲ್ಲಬೇಡಿ.

ದಿನಾ 10 ನಿಮಿಷ ಎಡಗೈ ಮಾತ್ರ, ಕಣ್ಣು ರಿಂಗ್ ಮೇಲೆ. ನಂತರ ಒಬ್ಬ ಡಿಫೆಂಡರ್ ಎದುರು ಅಂಕಣದುದ್ದಕ್ಕೂ ಅಂಕುಡೊಂಕಾಗಿ ಓಟ. ಸಿಮೆಂಟ್ ಅಂಕಣದಲ್ಲಿ ರಬ್ಬರ್ ಚೆಂಡಿನ ಮೇಲ್ಮೈ ಬೇಗ ಸವೆದು, ಬೆವರು ಕೈಗೆ ಜಾರುತ್ತದೆ, ನುಣುಪಾದರೆ ಬದಲಿಸಿ. ಬೇಸಿಗೆಯಲ್ಲಿ ಬೆಳಗ್ಗೆ 7ರೊಳಗೆ ಮುಗಿಸಿ.

ಜೀವನೋಪಾಯಕ್ಕೆ ನಮ್ಮಲ್ಲಿ ಮುಖ್ಯ ದಾರಿ ರೈಲ್ವೆಯಂಥ ಕಡೆಯ ಕ್ರೀಡಾ ಕೋಟಾ. ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡಿದ ಮೂಲ ಪ್ರಮಾಣಪತ್ರಗಳನ್ನು ಈಗಿನಿಂದಲೇ ಜೋಪಾನ ಮಾಡಿ.