ಕೌನ್ಸೆಲರ್‌ಗೆ ಬಿಹೇವಿಯರ್ ಥೆರಪಿಸ್ಟ್‌ಗಳ ಜೊತೆ ಕೆಲಸ ಮಾಡಲು ಇನ್ನೊಂದು ಡಿಪ್ಲೊಮಾ ಬೇಕಾ?

ಎಂಟು ವರ್ಷ ಕೌನ್ಸೆಲಿಂಗ್ ಮಾಡಿದ್ದೀರಿ. ಈಗ ವಿಶೇಷ ಮಕ್ಕಳ ಸೆಂಟರ್‌ನಲ್ಲಿ, ಮಕ್ಕಳ ವರ್ತನೆಯ ಮೇಲೆ ಕೆಲಸ ಮಾಡುವ ಥೆರಪಿಸ್ಟ್‌ಗಳಿಗೆ ಆಸರೆಯಾಗುವ ಕೆಲಸ ಸಿಕ್ಕಿದೆ, ಡಿಪ್ಲೊಮಾ ಮಾಡಲೇ ಅಂತ ಕೇಳಿದ್ದೀರಿ. ನಾನೂ ಇದೇ ಯೋಚನೆಯಲ್ಲಿ ಮುಂಬೈ ಹತ್ತಿರದ ಡೊಂಬಿವಲಿಯಿಂದ ಠಾಣೆ ಊರಿನ ಇಂಥದೇ ಸೆಂಟರ್‌ಗೆ ಲೋಕಲ್ ರೈಲು ಹತ್ತಿದವಳು.

ಅಲ್ಲಿ ನನ್ನ ಹತ್ತಿರ ಮೊದಲು ಬಂದ ಥೆರಪಿಸ್ಟ್ ಧಾರವಾಡ ಕಡೆಯ ಹುಡುಗಿ. ಮೇ ತಿಂಗಳ ಬೆವರಲ್ಲೂ ತುಂಬು ತೋಳಿನ ಕುರ್ತಾ. ತೋಳು ಮೇಲೆ ಸರಿಸಿದಳು. ಮೊಣಕೈವರೆಗೆ ಹಲ್ಲಿನ ಗುರುತು. ಕೆಲವು ಹಳದಿಗೆ ತಿರುಗಿದ್ದವು, ಎರಡು ಇನ್ನೂ ಕೆಂಪಗಿದ್ದವು. ಮಾತು ಬಾರದ ಏಳು ವರ್ಷದ ಹುಡುಗ ಕಚ್ಚುತ್ತಿದ್ದ. "ಅವ್ವ ನೋಡಬಾರ್ದಂತ ಹಾಕ್ಕೊಂಡೀನ್ರಿ ಅಕ್ಕಾ" ಅಂದಳು. ಜೊತೆಗೆ ಆ ಹುಡುಗನ ಫೈಲ್ ತಂದಿದ್ದಳು.

ನನ್ನ ತಪ್ಪು ಅಲ್ಲೇ ಆಯ್ತು. "ಅದಿರಲಿ, ನಿನ್ನ ಬಗ್ಗೆ ಹೇಳು" ಅಂತ ಫೈಲ್ ಪಕ್ಕಕ್ಕೆ ಸರಿಸಿದೆ. ಅದೇ ಒಳ್ಳೆಯ ಕೌನ್ಸೆಲಿಂಗ್ ಅಂದುಕೊಂಡಿದ್ದೆ! ಪ್ರತಿ ವಾರ ತರುತ್ತಿದ್ದಳು, ಪ್ರತಿ ವಾರ ಸರಿಸುತ್ತಿದ್ದೆ. ಆರು ವಾರ ಅವಳ ನಿದ್ದೆ, ಅಳು, ಮನೆಯ ಜಗಳ ಎಲ್ಲಾ ಕೇಳಿದೆ. ಉಸಿರಾಟ ಹೇಳಿಕೊಟ್ಟೆ. ರಜೆ ತಗೋ ಅಂದೆ. ಹುಡುಗ ಯಾವ ಹೊತ್ತಿಗೆ ಕಚ್ಚುತ್ತಾನೆ ಅಂತ ಒಂದು ಸಲವೂ ಕೇಳಲಿಲ್ಲ. ಥೆರಪಿ ಕೋಣೆಗೆ ಕಾಲೂ ಇಡಲಿಲ್ಲ.

ಏಳನೇ ವಾರ ಅವಳು ಕೆಲಸ ಬಿಟ್ಟಳು. ಆಗ ಫೈಲ್ ಬಿಚ್ಚಿದೆ. ನಾಲ್ಕು ಕಾಲಂ: ಹೊತ್ತು, ಮೊದಲು ಏನಾಯ್ತು, ಮಗು ಏನು ಮಾಡಿತು, ಆಮೇಲೆ ಏನಾಯ್ತು. ದುಂಡನೆ ಅಕ್ಷರ. 1:10. 1:15. 1:05. ಹೆಚ್ಚುಕಡಿಮೆ ಎಲ್ಲಾ ಊಟದ ಡಬ್ಬಾ ಬಿಚ್ಚಿದ ಮೇಲೆ. ಅದೂ ಚಪಾತಿ ತಂದ ದಿನ. ಮೆತ್ತಗಿನ ವರಣ್-ಭಾತ್ (ತೊವ್ವೆ-ಅನ್ನ) ತಂದ ದಿನ ಏನೂ ಇಲ್ಲ. ತಾಯಿಗೆ ಹೇಳಿ ಹಲ್ಲಿನ ಡಾಕ್ಟರ್ ಹತ್ತಿರ ಕಳಿಸಿದೆವು. ದವಡೆ ಹಲ್ಲು ಹುಳುಕಾಗಿ ಒಸಡಲ್ಲಿ ಕೀವು ತುಂಬಿತ್ತು.

ಮಾತಿಲ್ಲದ ಮಗು ಇದ್ದಕ್ಕಿದ್ದಂತೆ ಕಚ್ಚಲು, ತಲೆ ಚಚ್ಚಿಕೊಳ್ಳಲು ಶುರುಮಾಡಿದರೆ ಮೊದಲು ಹಲ್ಲು, ಕಿವಿ, ಹೊಟ್ಟೆ ನೋಡಬೇಕು. ನೋವಿರಬಹುದು. ಆ ಹುಡುಗಿ "ಊಟ ಆದಮ್ಯಾಲೆ" ಅಂತ ನನಗೆ ಎರಡು ಸಲ ಹೇಳಿದ್ದಳು. ನನ್ನ ನೋಟ್‌ನಲ್ಲೇ ಇದೆ. ಪಕ್ಕದಲ್ಲಿ "ಮಾತು ತಪ್ಪಿಸುತ್ತಿದ್ದಾಳೆ" ಅಂತ ನಾನೇ ಬರೆದಿದ್ದೆ.

ಅವಳಿಗೆ ಫೋನ್ ಮಾಡಿ ಹಲ್ಲಿನ ವಿಷಯ ಹೇಳಿದೆ. "ಈಗ ಹೆಂಗದಾನ್ರೀ ಅಂವ?" ಅಂತ ಕೇಳಿದಳು, ಅಷ್ಟೇ. ವಾಪಸ್ ಬರಲಿಲ್ಲ. ನನ್ನ ಗುತ್ತಿಗೆಯನ್ನೂ ಸೆಂಟರ್‌ನವರು ಮುಂದುವರಿಸಲಿಲ್ಲ. ಸರಿಯಾಗೇ ಮಾಡಿದರು ಬಿಡಿ.

ಹಾಗಾಗಿ ಡಿಪ್ಲೊಮಾದ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ವಿಶೇಷ ಶಿಕ್ಷಕಿ ಆಗಬೇಕು ಅಂದರೆ ಬೇರೆ ಮಾತು. ಅದಕ್ಕೆ 1992ರ ಕಾಯ್ದೆ ಪ್ರಕಾರ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಬೇಕೇ ಬೇಕು. ನಿಮ್ಮ ಕೆಲಸ ಅದಲ್ಲ ಅಲ್ವಾ? ಮೊದಲ ತಿಂಗಳು ಯಾರಿಗೂ ಕೌನ್ಸೆಲಿಂಗ್ ಮಾಡಬೇಡಿ. ಥೆರಪಿ ಕೋಣೆಯ ಮೂಲೆಯಲ್ಲಿ ಸುಮ್ನೆ ಕೂತಿರಿ, ಫೈಲ್ ಓದಿ. ದುಪಟ್ಟಾ, ನೇತಾಡುವ ಓಲೆ ಬೇಡ, ಮಕ್ಕಳು ಎಳೆಯುತ್ತವೆ. ಡಬ್ಬಾ ಬಿಚ್ಚುವ ಹೊತ್ತಿಗಂತೂ ತಪ್ಪದೆ ಅಲ್ಲಿರಿ.