ಮೆಕೇ ಒಬ್ಬರನ್ನೇ ಬೈದರೆ ಲೇಖನವಾಗದು

ನಮಸ್ಕಾರ,

ಸೇಂಟ್ ಕಿಲ್ಡಾ ದ್ವೀಪದ ಪಾದ್ರಿಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಿಷಯ ಕೈಬಿಡುವಂಥದ್ದಲ್ಲ.

ಸ್ಕಾಟ್ಲೆಂಡಿನಾಚೆ ಅಟ್ಲಾಂಟಿಕ್‌ನಲ್ಲಿ ಕಡಲಹಕ್ಕಿ ಹಿಡಿದು ಬದುಕುತ್ತಿದ್ದ ಜನರನ್ನು ನೀವು ಪರಿಚಯಿಸುವ ಮೊದಲ ಪುಟ ಚೆನ್ನಾಗಿದೆ. ಎಡವಟ್ಟಾಗುವುದು ಪಾದ್ರಿ ಜಾನ್ ಮೆಕೇ ಬಂದ ಮೇಲೆ. ಆಮೇಲೆ ಪುಟಗಟ್ಟಲೆ ಬೈಗುಳವೇ. ಭಾನುವಾರ ಗಂಟೆಗಟ್ಟಲೆ ಪ್ರಾರ್ಥನೆ, ಅತ್ತಿತ್ತ ನೋಡಿದರೂ ಪಾಪ, ಇತ್ಯಾದಿ. ಇದರಲ್ಲಿ ಜಾಸ್ತಿ ಭಾಗ ಪತ್ರಕರ್ತ ಜಾನ್ ಸ್ಯಾಂಡ್ಸ್ ಬರೆದದ್ದು, ಅಲ್ವಾ? ಆತ ಹೊರಗಿನಿಂದ ಬಂದವನು, 1876-77ರ ಚಳಿಗಾಲದಲ್ಲಿ ಅಲ್ಲೇ ಸಿಕ್ಕಿಹಾಕಿಕೊಂಡವನು. ಅದನ್ನು ಓದುಗರಿಗೆ ಹೇಳಿಬಿಡಿ. ಮೆಕೇ ಅಲ್ಲಿದ್ದದ್ದು 1865ರಿಂದ 1889ರವರೆಗೆ. ಊರಿನವರು 1843ರಲ್ಲಿ ಸ್ಕಾಟ್ಲೆಂಡಿನ ಚರ್ಚು ಒಡೆದ ನಂತರವೇ, ಅದರಿಂದ ಬೇರೆಯಾದ ಫ್ರೀ ಚರ್ಚಿನ ಕಡೆ ವಾಲಿದ್ದರು. ಆ ಭಕ್ತಿಯನ್ನೆಲ್ಲ ಮೆಕೇಯೇ ತಂದು ಹೇರಿದ ಹಾಗೆ ಬರೆಯಬೇಡಿ.

ನಿಮ್ಮ ನಿಜವಾದ ಕಥೆ ಒಂದೇ ಸಾಲಿನಲ್ಲಿ ಮುದುಡಿ ಕೂತಿದೆ: ಮೆಕೇ ನಂತರ ಬಂದ ಪಾದ್ರಿ ಆ್ಯಂಗಸ್ ಫಿಡ್ಡೆಸ್. ಅಲ್ಲಿ ಹುಟ್ಟಿದ ಕೂಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬದುಕುತ್ತಿರಲಿಲ್ಲ. ನಾಲ್ಕೈದು ದಿನಕ್ಕೆ ಕೂಸು ಮೊಲೆ ಕುಡಿಯುವುದನ್ನು ಬಿಡುತ್ತಿತ್ತು, ದವಡೆ ಕಚ್ಚಿಕೊಳ್ಳುತ್ತಿತ್ತು, ವಾರ ಕಳೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಜನ ಅದನ್ನು ಎಂಟು ದಿನದ ಕಾಯಿಲೆ ಅನ್ನುತ್ತಿದ್ದರು. ಹೊಕ್ಕುಳ ಬಳ್ಳಿಯ ಗಾಯದಿಂದ ಹತ್ತುವ ಧನುರ್ವಾಯು ಅದು. ಫಿಡ್ಡೆಸ್ ಗ್ಲ್ಯಾಸ್ಗೋಗೆ ಹೋಗಿ, ಬಾಣಂತನದಲ್ಲಿ ನಂಜಾಗದ ಹಾಗೆ ನೋಡಿಕೊಳ್ಳುವುದನ್ನು ಕಲಿತು ಬಂದರು. 1891ರ ನಂತರ ಆ ಕಾಯಿಲೆಗೆ ಕೂಸುಗಳು ಸಾಯುವುದು ನಿಂತಿತು. ಇಷ್ಟು ದೊಡ್ಡ ಸಂಗತಿಗೆ ನೀವು ಕೊಟ್ಟದ್ದು ‘ಆರೋಗ್ಯ ಸುಧಾರಣೆಯನ್ನೂ ಮಾಡಿದರು’ ಅನ್ನುವ ಮೂರು ಪದ!

ಇನ್ನೊಂದು ಮಾತು. ಫಿಡ್ಡೆಸ್ ಕೂಡ ಮೆಕೇಯ ಅದೇ ಫ್ರೀ ಚರ್ಚಿನವರು. ಹಾಗಿರುವಾಗ ಎಲ್ಲ ಅನರ್ಥಕ್ಕೂ ಆ ಪಂಥವೇ ಕಾರಣ ಅನ್ನುವ ನಿಮ್ಮ ವಾದ ಅಲ್ಲೇ ಕುಸಿಯುತ್ತದೆ. ಅದಕ್ಕೇ ಅವರನ್ನು ಸುಮ್ನೆ ದಾಟಿಸಿಬಿಟ್ಟಿರೋ ಏನೋ.

ಮೆಕೇಗಿಂತ ಮೊದಲಿನ ಪಾದ್ರಿ ನೀಲ್ ಮೆಕೆಂಜಿ 1830ರ ದಶಕದಲ್ಲಿ ಊರಿನ ಮನೆಗಳನ್ನು ಹೊಸದಾಗಿ ಕಟ್ಟಿಸಿದ್ದಕ್ಕೆ ಒಂದು ಪ್ಯಾರಾ ಸಾಕು. ಮೆಕೇಯಿಂದಲೇ ದ್ವೀಪ ಖಾಲಿಯಾಯಿತು ಅನ್ನುವ ಕೊನೆಯ ಸಾಲನ್ನು ತೆಗೆದುಹಾಕಿ. ಉಳಿದಿದ್ದ 36 ಜನ ಹೊರಟದ್ದು 1930ರ ಆಗಸ್ಟ್‌ನಲ್ಲಿ, ಮೆಕೇ ಹೋಗಿ ನಲವತ್ತು ವರ್ಷವಾದ ಮೇಲೆ.

ಫಿಡ್ಡೆಸ್‌ರಿಂದ ಶುರುಮಾಡಿ, ಅರ್ಧಕ್ಕೆ ಇಳಿಸಿ ಕಳಿಸಿ. ಓದುತ್ತೇನೆ.

– ಸಂಪಾದಕ