ಒಂದೇ ಮನೆಯ ಬಾಲ್ಯ, ಎರಡು ಬಗೆಯ ಮುಪ್ಪು

ಪ್ರಶ್ನೆ: ನನಗೀಗ 67 ವರ್ಷ. ಕಾರವಾರ ತಾಲ್ಲೂಕಿನ ಕಡಲತಡಿಯ ಹಳ್ಳಿಯವನು. ನನಗೆ ಎಂಟು ವರ್ಷವಾಗಿದ್ದಾಗ ಮೀನುಗಾರಿಕೆಗೆ ಹೋದ ತಂದೆ ಮರಳಲಿಲ್ಲ. ತಾಯಿ ಒಣಮೀನು ಮಾರಿ ಸಂಸಾರ ನಡೆಸಿದರು. ಅದೇ ವರ್ಷ ನನ್ನನ್ನು ಓದಿಗೆಂದು ಅಂಕೋಲೆಯ ಸೋದರಮಾವನ ಮನೆಯಲ್ಲಿ ಬಿಟ್ಟರು. ಈಗ ಪಿಂಚಣಿ ಬರುತ್ತದೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಪತ್ನಿ ತೀರಿಕೊಂಡು ಮೂರು ವರ್ಷವಾಯಿತು. ಶಿರಸಿಯಲ್ಲಿರುವ ತಂಗಿಗೆ ನನ್ನಷ್ಟು ಅನುಕೂಲವಿಲ್ಲದಿದ್ದರೂ ನಗುನಗುತ್ತ ಇದ್ದಾಳೆ. ಒಂದೇ ಮನೆಯಲ್ಲಿ, ಒಂದೇ ಕಷ್ಟದಲ್ಲಿ ಬೆಳೆದವರು ನಾವು. ನನಗೇಕೆ ಯಾವುದರಲ್ಲೂ ಸಂತೋಷವಿಲ್ಲ? ಬಾಲ್ಯದ ಪೆಟ್ಟು ಕೊನೆಯವರೆಗೂ ಬಿಡುವುದಿಲ್ಲವೇ?

ಉತ್ತರ: ಒಂದೇ ಮನೆಯಲ್ಲಿ ಬೆಳೆದೆವು ಎಂದು ಬರೆದಿದ್ದೀರಿ, ಆದರೆ ನಿಮ್ಮ ಪತ್ರವೇ ಅದನ್ನು ಒಪ್ಪುವುದಿಲ್ಲ. ತಂಗಿ ಕಳೆದುಕೊಂಡದ್ದು ತಂದೆಯನ್ನು. ನೀವು ಅದೇ ವರ್ಷ ತಂದೆಯ ಜೊತೆಗೆ ತಾಯಿಯ ಮಗ್ಗುಲನ್ನೂ ಕಳೆದುಕೊಂಡಿರಿ. ಕಷ್ಟ ಒಂದೇ ಆಗಿದ್ದರೂ ಅದನ್ನು ತಡೆದುಕೊಳ್ಳಲು ದೊರೆತ ಆಸರೆ ಒಂದೇ ಆಗಿರಲಿಲ್ಲ.

ಈ ಆಸರೆಯ ಮಾತನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ಮನೋವಿಜ್ಞಾನಿ ಎಮ್ಮಿ ವರ್ನರ್ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಮನೆಯೊಳಗಿನ ಕಲಹದಂತಹ ಹಲವು ತೊಂದರೆಗಳು ಒಟ್ಟಿಗೆ ಎದುರಾದ ಮಕ್ಕಳಲ್ಲೂ ಸುಮಾರು ಮೂರನೆಯ ಒಂದು ಭಾಗದಷ್ಟು ಮಂದಿ ಸಮರ್ಥ, ಅಕ್ಕರೆಯುಳ್ಳ ವಯಸ್ಕರಾಗಿ ಬೆಳೆದರು. ಅವರಿಗೆ ನೆರವಾದ ಸಂಗತಿಗಳಲ್ಲಿ ಮುಖ್ಯವಾದದ್ದು, ಅಜ್ಜಿಯೋ ನೆರೆಯವರೋ ಶಿಕ್ಷಕರೋ, ನಂಬಬಹುದಾದ ಒಬ್ಬ ಹಿರಿಯ ಜೀವ. ಹದಿಹರೆಯದಲ್ಲಿ ಎಡವಿದ್ದ ಅನೇಕರು ಕೂಡ ಮೂವತ್ತು, ನಲವತ್ತರ ಹೊತ್ತಿಗೆ ಒಳ್ಳೆಯ ಸಂಗಾತಿಯಿಂದ, ಸ್ಥಿರವಾದ ಕೆಲಸದಿಂದ, ಹೊಸದಾಗಿ ಕಲಿತ ವಿದ್ಯೆಯಿಂದ ಚೇತರಿಸಿಕೊಂಡರು. ನಿಮ್ಮ ಸೋದರಮಾವನ ಮನೆಯಲ್ಲಿ ಅಂಥವರು ಯಾರಾದರೂ ಇದ್ದರೇ? ಅತ್ತೆಯ ಬಗ್ಗೆ, ಮೇಷ್ಟ್ರ ಬಗ್ಗೆ ನೀವು ಒಂದಕ್ಷರವನ್ನೂ ಬರೆದಿಲ್ಲ.

ಓದಿಗಾಗಿ ಮಕ್ಕಳನ್ನು ನೆಂಟರ ಮನೆಯಲ್ಲಿ ಬಿಡುವುದು ನಮ್ಮ ಜಿಲ್ಲೆಯಲ್ಲಿ ಹೊಸದೇನಲ್ಲ, ನಿಮ್ಮ ಪಿಂಚಣಿಗೆ ಅದೇ ಬುನಾದಿಯೂ ಆಗಿರಬಹುದು. ಆದರೆ ಬ್ರಿಟನ್ನಿನಲ್ಲಿ 1970ರಲ್ಲಿ ಹುಟ್ಟಿದವರನ್ನು ಕುರಿತ ದೀರ್ಘಕಾಲದ ಮಾಹಿತಿಯನ್ನು ಅರ್ಥಶಾಸ್ತ್ರಜ್ಞ ರಿಚರ್ಡ್ ಲೇಯಾರ್ಡ್ ಮತ್ತು ಸಹೋದ್ಯೋಗಿಗಳು ಪರಿಶೀಲಿಸಿದಾಗ, ದೊಡ್ಡವರಾದ ಮೇಲಿನ ನೆಮ್ಮದಿಯನ್ನು ಶಾಲೆಯ ಅಂಕಗಳಿಗಿಂತ ಬಾಲ್ಯದ ಮಾನಸಿಕ ಆರೋಗ್ಯವೇ ಹೆಚ್ಚು ಚೆನ್ನಾಗಿ ಸೂಚಿಸಿತು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪಟ್ಟಿ ಹಿಡಿದು ಹಿಗ್ಗುವ ನಮಗೆ ಇದು ತುಸು ಕಹಿ. ಹಾಗೆಂದು ಬಾಲ್ಯ ಎಲ್ಲವನ್ನೂ ತೀರ್ಮಾನಿಸಿತು ಎಂದು ಆ ಮಾಹಿತಿ ಹೇಳುವುದಿಲ್ಲ. ಅದು ತೋರುವುದು ಒಂದು ಒಲವನ್ನು ಮಾತ್ರ.

ಇನ್ನು ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತಿಗೆ ಬರುತ್ತೇನೆ. ತಂದೆಯ ಸಾವಿಗೆ, ಅಂಕೋಲೆಗೆ, ತಂಗಿಗೆ ವಾಕ್ಯಗಳನ್ನು ಕೊಟ್ಟ ನೀವು ಪತ್ನಿಯ ಅಗಲಿಕೆಯನ್ನು ಪಿಂಚಣಿ ಮತ್ತು ಮಕ್ಕಳ ಬೆನ್ನಿಗೆ ಒಂದು ಅಲ್ಪವಿರಾಮದಲ್ಲಿ ದಾಟಿಸಿಬಿಟ್ಟಿದ್ದೀರಿ. ಸುಮಾರು ಅರವತ್ತು ವರ್ಷದ ಹಿಂದೆ ಹುಡುಕುವ ಮೊದಲು ಮೂರು ವರ್ಷದ ಹಿಂದೆ ನೋಡಬೇಕೆಂದು ನನ್ನ ಅಭಿಪ್ರಾಯ. ಮನಸ್ಸು ಕುಗ್ಗಿರುವಾಗ ನೆನಪು ಕೂಡ ಕುಗ್ಗಿದ ಸಂಗತಿಗಳನ್ನೇ ಹೆಕ್ಕಿ ತರುತ್ತದೆ. ಇಂದಿನ ಒಂಟಿತನ ಎಂಟರ ಬಾಲಕನ ಒಂಟಿತನವನ್ನು ಎಬ್ಬಿಸಿರಲಿಕ್ಕೂ ಸಾಕು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಆರಂಭವಾದ ಅಧ್ಯಯನದಲ್ಲಿ, ಎಂಬತ್ತರಲ್ಲಿ ಯಾರು ಆರೋಗ್ಯವಾಗಿರುತ್ತಾರೆ ಎಂಬುದನ್ನು ಐವತ್ತರ ವಯಸ್ಸಿನ ಕೊಲೆಸ್ಟ್ರಾಲ್‌ಗಿಂತ ಆ ವಯಸ್ಸಿನಲ್ಲಿ ಅವರಿಗಿದ್ದ ಸಂಬಂಧಗಳ ತೃಪ್ತಿಯೇ ಚೆನ್ನಾಗಿ ಸೂಚಿಸಿತ್ತು. ಆರಂಭದಲ್ಲಿ ಆಯ್ಕೆಯಾದವರೆಲ್ಲ ಅಮೆರಿಕದ ಗಂಡಸರಾದ್ದರಿಂದ ಅದನ್ನು ನಮ್ಮ ಜಗಲಿಗೆ ತಂದು ಅಳೆಯುವಾಗ ಎಚ್ಚರ ಬೇಕು, ಆದರೂ ನಿಮ್ಮ ಮಟ್ಟಿಗೆ ಅದು ಹೊಂದುತ್ತದೆ ಎನಿಸುತ್ತದೆ.

ನಿದ್ದೆ, ಊಟ, ಆಸಕ್ತಿ ಎರಡು ವಾರಕ್ಕೂ ಮೀರಿ ತಪ್ಪಿದ್ದರೆ ಅದನ್ನು ಬಾಲ್ಯದ ಲೆಕ್ಕಕ್ಕೆ ಬರೆಯದೆ ವೈದ್ಯರನ್ನು ಕಾಣಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ.

ಅದರ ಜೊತೆಗೆ, ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ತಂಗಿಯ ಮನೆಗೆ ಹೋಗಿ ಒಂದು ವಾರ ಇದ್ದು ಬನ್ನಿ. ನಿಮ್ಮನ್ನು ಅಂಕೋಲೆಗೆ ಕಳುಹಿಸಿದ ದಿನ ತಾಯಿ ಮನೆಗೆ ಮರಳಿ ಏನು ಮಾಡಿದರೆಂದು ಆಕೆಯನ್ನು ಕೇಳಿ. ಅಂದು ತಾಯಿಯ ಬಳಿ ಉಳಿದವಳು ಆಕೆಯೊಬ್ಬಳೇ.